ಶುಶ್ರೂಷಾಮಾತೆ ಫ್ಲಾರೆನ್ಸ್ ನೈಟಿಂಗೇಲ್

1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ, ಆಂಗ್ಲ ಶ್ರೀಮಂತ ಮನೆತನದಲ್ಲಿ ಈ ಸಾಧ್ವಿಯು ಜನಿಸಿದಳು. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗಾಗಿ 38 ಮಂದಿ ದಾದಿಯರೊಡನೆ ತುರ್ಕಿಯ ಸ್ಕುಟಾರಿ ಆಸ್ಪತ್ರೆಗೆ ತೆರಳಿದಳು. ಅಲ್ಲಿ ಎಲುಬುಸಹಿತ ತೂಗಿ ಹಂಚಿದ ಅರೆಬೆಂದ ಮಾಂಸವನ್ನು ಅಗಿಯಲಾರದೆ, ಬಲಹೀನರಾದ ರೋಗಿಗಳು ಆಹಾರವು ಎದುರಿಗಿದ್ದೂ ಉಪವಾಸವಿರುತ್ತಿದ್ದರು. ಆಕೆಯು ಪಥ್ಯದ ಅಡಿಗೆಮನೆಗಳನ್ನು ಪ್ರತ್ಯೇಕವಾಗಿ ತೆರೆದು, ಆರಾರೂಟಿನ ಗಂಜಿ, ಸಾರು ಮೊದಲಾದವನ್ನು ಸಿದ್ಧಪಡಿಸಿ ಅಂಥವರಿಗೆ ಉಣಿಸಿದಳು. 1855ರಲ್ಲಿ ಪಾಕಪ್ರವೀಣನಾದ ಅಲೆಕ್ಸಿಸ್ ಸೋಯರನು ಬಂದು ಆಸ್ಪತ್ರೆಯ ಅಡಿಗೆಯ ಕ್ರಮವನ್ನೇ ಸುಧಾರಿಸಿದನು. 1859ರಲ್ಲಿ ಪ್ರಕಟವಾದ ತನ್ನ ಶುಶ್ರೂಷಾಗ್ರಂಥದಲ್ಲಿ, ರೋಗಿಯು ಉಣ್ಣದೆ ಬಿಟ್ಟುದನ್ನು ಹಾಸಿಗೆಯ ಬಳಿ ಇರಿಸಲಾಗದೆಂದೂ, ನಿತ್ರಾಣನಿಗೆ ವೇಳೆವೇಳೆಗೆ ಚಮಚೆಯಷ್ಟಾದರೂ ಉಣಿಸಬೇಕೆಂದೂ ಬೋಧಿಸಿದಳು. 1910ನೆಯ ಆಗಸ್ಟ್ 13ರಂದು ಲಂಡನ್ನಿನಲ್ಲಿ ದೇಹವನ್ನು ಬಿಟ್ಟಳು. ಉಣಿಸುವವರಲ್ಲಿ ಎಚ್ಚರವಿಲ್ಲದಿದ್ದರೆ ತುಂಬಿದ ಉಗ್ರಾಣವೂ ರೋಗಿಯ ಪಾಲಿಗೆ ಬರಿದೆಂಬುದನ್ನು ಆಕೆಯ ಬಾಳು ಲೋಕಕ್ಕೆ ತಿಳುಹಿತು.