ಕಡಲ ನೀಲಿಯಿಂದ ಗಾಜಿನ ಎಳೆಯವರೆಗೆ: ಸಿ.ವಿ. ರಾಮನ್

ಫೆಬ್ರವರಿ 28 ಊರಿಗಾಂನಲ್ಲಿ ಎರಡು ನೆನಪುಗಳ ದಿನ. 1928ರಲ್ಲಿ ರಾಮನ್ ಪರಿಣಾಮ ಪತ್ತೆಯಾದದ್ದು ಅಂದು. ಹಾಗಾಗಿ ಶಾಲೆಗಳಲ್ಲಿ ಅದು ರಾಷ್ಟ್ರೀಯ ವಿಜ್ಞಾನ ದಿನ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ್ದೂ ಅಂದೇ. ಮನೆಗಳಲ್ಲಿ ಆ ದಿನ ನೆನಪಾಗುವುದು ಹಾಗೆ. ಬೋಧನಾಭ್ಯಾಸದ ಅವಧಿಯಲ್ಲಿ ಇಲ್ಲಿನ ಒಂಬತ್ತನೇ ತರಗತಿಗೆ ರಾಮನ್ ಅವರ ಜೀವನವನ್ನು ಪರಿಚಯಿಸುವ ಪಾಠ ನನ್ನ ಪಾಲಿಗೆ ಬಂತು. ಆ ಪಾಠವನ್ನೂ ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆದಿದ್ದೇನೆ.

ಚಂದ್ರಶೇಖರ ವೆಂಕಟರಾಮನ್ 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಹುಟ್ಟಿದರು. ತಂದೆ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1907ರಲ್ಲಿ ಎಂ.ಎ. ಮುಗಿಸಿದಾಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ವಿಜ್ಞಾನವನ್ನೇ ನಂಬಿ ಬದುಕುವುದು ಕಷ್ಟವಾಗಿದ್ದ ಕಾಲ ಅದು. ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಕಲ್ಕತ್ತೆಯಲ್ಲಿ ಅಧಿಕಾರಿಯಾದರು. ಆದರೆ ಬೆಳಿಗ್ಗೆ ಕಚೇರಿಗೆ ಮುಂಚೆ ಮತ್ತು ಸಂಜೆ ಕಚೇರಿ ಬಿಟ್ಟ ಮೇಲೆ ಅವರು ಇರುತ್ತಿದ್ದುದು ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್‌ನ ಪ್ರಯೋಗಾಲಯದಲ್ಲಿ. ಹೀಗೆ ಹಲವು ವರ್ಷ ನಡೆಯಿತು. 1917ರಲ್ಲಿ ಕಡಿಮೆ ಸಂಬಳವನ್ನು ಒಪ್ಪಿಕೊಂಡು ಕಲ್ಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿಗೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿ ಅವರನ್ನು ಕಾಡಿತು. ಆಕಾಶದ ಬಣ್ಣ ನೀರಿನಲ್ಲಿ ಪ್ರತಿಫಲಿಸುವುದರಿಂದ ಕಡಲು ನೀಲಿ ಎಂಬುದು ಲಾರ್ಡ್ ರ‍್ಯಾಲೆ ಕೊಟ್ಟಿದ್ದ ವಿವರಣೆ. ರ‍್ಯಾಲೆ ಅಷ್ಟು ದೊಡ್ಡ ವಿಜ್ಞಾನಿಯಾಗಿದ್ದರೂ ರಾಮನ್ ಅದನ್ನು ಹಾಗೆಯೇ ಒಪ್ಪಲಿಲ್ಲ. ಹಡಗಿನ ಮೇಲೆಯೇ ನಿಕೋಲ್ ಪಟ್ಟಕದ ಮೂಲಕ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿವೆ ಎಂದು ಅರಿತರು.

ಆ ಜಾಡು ಹಿಡಿದು ಏಳು ವರ್ಷ ದ್ರವಗಳಲ್ಲಿ ಬೆಳಕಿನ ಚದುರಿಕೆಯನ್ನು ಅಭ್ಯಸಿಸಿದರು. ಶಿಷ್ಯ ಕೆ.ಎಸ್. ಕೃಷ್ಣನ್ ಜೊತೆಗಿದ್ದರು. ಚದುರಿದ ಬೆಳಕಿನ ಬಹುಪಾಲು ಬಣ್ಣ ಬದಲಿಸುವುದಿಲ್ಲ. ಅತ್ಯಲ್ಪ ಭಾಗ ಮಾತ್ರ ಅಣುಗಳ ಕಂಪನಕ್ಕೆ ಶಕ್ತಿ ಕೊಟ್ಟು ಕೆಂಪಿನ ಕಡೆಗೆ ಸರಿಯುತ್ತದೆ. ಅದಕ್ಕಿಂತಲೂ ಕಡಿಮೆ ಭಾಗ ಕಂಪಿಸುತ್ತಿರುವ ಅಣುಗಳಿಂದ ಶಕ್ತಿ ಪಡೆದು ನೀಲಿಯ ಕಡೆಗೆ ಸರಿಯುತ್ತದೆ. ಇದೇ ರಾಮನ್ ಪರಿಣಾಮ. 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಭಿನ್ನಾಭಿಪ್ರಾಯಗಳು ಬೆಳೆದು 1937ರಲ್ಲಿ ಆ ಹುದ್ದೆ ಬಿಟ್ಟರೂ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಉಳಿದರು. ಬಳಿಕ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಸಂದಿತು. 1970ರ ನವೆಂಬರ್ 21ರಂದು ತೀರಿಕೊಂಡರು. ಅಂತ್ಯಸಂಸ್ಕಾರ ಸಂಸ್ಥೆಯ ತೋಟದಲ್ಲೇ ನಡೆಯಿತು.

ಅದೇ 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಬೆಳಕನ್ನು ದೂರಕ್ಕೆ ಒಯ್ಯಬಲ್ಲ ಗಾಜಿನ ಎಳೆಯನ್ನು ತಯಾರಿಸಿತು. 1980ರ ದಶಕದಲ್ಲಿ ಎಂಜಿನಿಯರುಗಳು ಆ ಎಳೆಯೊಳಗೆ ರಾಮನ್ ಪರಿಣಾಮವನ್ನೇ ಉಷ್ಣಮಾಪಕವಾಗಿಸಿದರು. ಎಳೆಯೊಳಗೆ ಲೇಸರ್ ಮಿಡಿತ ಕಳುಹಿಸಿದರೆ ದಾರಿಯುದ್ದಕ್ಕೂ ಸ್ವಲ್ಪ ಬೆಳಕು ಹಿಂದಕ್ಕೆ ಚದುರುತ್ತದೆ. ಗಾಜು ಬಿಸಿಯಾದಷ್ಟೂ ನೀಲಿಯ ಕಡೆಗೆ ಸರಿದ ಭಾಗ ಹೆಚ್ಚುತ್ತದೆ; ಎರಡು ಭಾಗಗಳ ಅನುಪಾತದಿಂದ ಉಷ್ಣತೆ ತಿಳಿಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಬೆಳಕು ಒಂದು ಮೈಕ್ರೊಸೆಕೆಂಡಿನಲ್ಲಿ ಹಿಂದಿರುಗಿದರೆ ಆ ಜಾಗ 100 ಮೀಟರ್ ದೂರದಲ್ಲಿದೆ ಎಂದರ್ಥ. ಅಣೆಕಟ್ಟಿನೊಳಗೆ ಇಂಥ ಎಳೆ ಹುದುಗಿಸಿದರೆ ನೀರು ಜಿನುಗುವ ಜಾಗವನ್ನು ಉಷ್ಣತೆಯ ವ್ಯತ್ಯಾಸವೇ ತೋರಿಸಿಕೊಡುತ್ತದೆ. ಸುರಂಗದಲ್ಲಿ ಬೆಂಕಿ ಎಲ್ಲಿ ಹತ್ತಿದೆ ಎಂಬುದೂ ತಿಳಿಯುತ್ತದೆ.

ಪಾಠ ಇಲ್ಲಿಗೆ ಬಂದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ನಮ್ಮ ಗಣಿಯಲ್ಲಿ ಈ ಎಳೆ ಇದ್ದಿದ್ದರೆ ಬಂಡೆ ಸಿಡಿಯುವುದು ಮೊದಲೇ ಗೊತ್ತಾಗುತ್ತಿತ್ತೇ ಎಂದು ಕೇಳಿದಳು. ಇಲ್ಲಿನ ಗಣಿ ಮೂರು ಕಿ.ಮೀ.ಗೂ ಹೆಚ್ಚು ಆಳದ್ದು. ಮೇಲಿನ ಭಾರಕ್ಕೆ ಒತ್ತಡ ಕಟ್ಟಿಕೊಂಡ ಬಂಡೆ ಒಮ್ಮೆಲೇ ಸಿಡಿದು ಕಾರ್ಮಿಕರು ಸತ್ತದ್ದು ಈ ಊರಿನ ಮನೆಮನೆಯ ಕಥೆ. ಗಂಟೆ ಹೊಡೆಯುವ ಹೊತ್ತಾಗಿತ್ತು. ಗೊತ್ತಾಗುತ್ತಿತ್ತು ಎಂದು ಹೇಳಿ ಪಾಠ ಮುಗಿಸಿದೆ.

ಸಂಜೆ ಪಾಠ ಟಿಪ್ಪಣಿ ಬರೆಯುವಾಗ ಉತ್ತರ ತಪ್ಪೆಂದು ತಿಳಿಯಿತು. ರಾಮನ್ ಚದುರಿಕೆ ಹೇಳುವುದು ಬಿಸಿಯನ್ನು, ಒತ್ತಡವನ್ನಲ್ಲ. ಎಳೆ ಎಷ್ಟು ಹಿಗ್ಗಿತು ಎಂದು ತಿಳಿಯಲು ಬ್ರಿಲ್ವಾ ಚದುರಿಕೆ ಎಂಬ ಬೇರೆ ವಿಧಾನವಿದೆ. ಅದೂ ರಚನೆಯಲ್ಲಿ ಆಗುತ್ತಿರುವ ಬದಲಾವಣೆಯನ್ನು ತೋರಿಸೀತೇ ಹೊರತು, ಬಂಡೆ ಸಿಡಿಯುವ ಗಳಿಗೆಯನ್ನು ಹೇಳಲಾರದು.

ಮರುದಿನ ಮೊದಲ ಐದು ನಿಮಿಷ ತಪ್ಪೊಪ್ಪಿಕೊಂಡು ಸರಿಪಡಿಸಿದೆ. ಪ್ರಶ್ನೆ ಕೇಳಿದ ಹುಡುಗಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ರ‍್ಯಾಲೆಯ ಉತ್ತರವನ್ನೂ ಪರೀಕ್ಷಿಸಿ ನೋಡಿದವರ ಕಥೆ ಹೇಳುವ ನಾನು, ನನ್ನ ಉತ್ತರವನ್ನು ಪರೀಕ್ಷಿಸದೆ ಕೊಟ್ಟಿದ್ದೆ. ಮಕ್ಕಳ ಅಜ್ಜಂದಿರು ದುಡಿದ ನೆಲದ ಬಗ್ಗೆ ಪಾಠ ಮಾಡುವಾಗ ಆ ಎಚ್ಚರ ಇನ್ನಷ್ಟು ಬೇಕು.