ರಾಮನ್ ಬಾಗಿಲಲ್ಲಿ ಕೂತ ಕಮಲಾ: ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಸರ್ ಸಿ.ವಿ. ರಾಮನ್ ಒಬ್ಬ ಹುಡುಗಿಗೆ ಸೀಟು ಕೊಡಲಿಲ್ಲ, ಅವಳು ಸತ್ಯಾಗ್ರಹ ಮಾಡಿ ಗೆದ್ದಳು, ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಆದಳು. ಇಂಥದ್ದೊಂದು ಫಾರ್ವರ್ಡ್ ನಿಮಗೂ ಬಂದಿರಬಹುದು. ಬಹುಪಾಲು ನಿಜ. ಆದರೆ 'ಗೆದ್ದಳು' ಅನ್ನುವ ಕಡೆ ನಾವು ಸ್ವಲ್ಪ ನಿಂತು ನೋಡಬೇಕು.

ಆಕೆ ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೊನಿ. ಹುಟ್ಟಿದ್ದು 1911ರಲ್ಲಿ, ಇಂದೋರ್‌ನಲ್ಲಿ. ಅಪ್ಪನೂ ಅಪ್ಪನ ಸೋದರನೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ರಸಾಯನಶಾಸ್ತ್ರ ಕಲಿತವರು. ಹಾಗಾಗಿ 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದ ಬಿಎಸ್ಸಿಯಲ್ಲಿ ಮೊದಲಿಗಳಾದ ಕಮಲಾಗೂ ಅಲ್ಲೇ ಸಂಶೋಧನೆ ಮಾಡುವ ಆಸೆ. ಆಗ ಅಲ್ಲಿ ನಿರ್ದೇಶಕರು 1930ರ ನೊಬೆಲ್ ವಿಜೇತ ರಾಮನ್. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಕಮಲಾ ಬೆಂಗಳೂರಿಗೇ ಬಂದರು, ಎದುರು ನಿಂತು ಕಾರಣ ಕೇಳಿದರು, ಸೇರಿಸಿಕೊಳ್ಳುವವರೆಗೂ ಕದಲುವುದಿಲ್ಲವೆಂದು ಸತ್ಯಾಗ್ರಹಕ್ಕೆ ಕೂತರು.

ರಾಮನ್ ಒಪ್ಪಿದರು, ಆದರೆ ಷರತ್ತು ಹಾಕಿ. ಒಂದು ವರ್ಷ ಆಕೆ ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ. ಕೆಲಸದ ಗುಣಮಟ್ಟ ಒಪ್ಪಿಗೆಯಾಗುವವರೆಗೆ ಅದಕ್ಕೆ ಅಧಿಕೃತ ಮಾನ್ಯತೆ ಇಲ್ಲ. ಜೊತೆಗೆ, ಗಂಡಸರ ಗಮನ ಕೆಡಿಸಬಾರದು! ಜೊತೆಯ ಹುಡುಗರಿಗೆ ಇಂಥ ಷರತ್ತು ಇರಲಿಲ್ಲ. ಇದನ್ನು ಗೆಲುವು ಅನ್ನಬೇಕೋ ಬೇಡವೋ, ನೀವೇ ಹೇಳಿ.

ಗುರುಗಳು ಎಂ. ಶ್ರೀನಿವಾಸಯ್ಯ, ತುಂಬಾ ಕಟ್ಟುನಿಟ್ಟು. ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಬಗ್ಗೆ ಕೆಲಸ ಮಾಡಿದರು. ತಿರುಮಣಿಯಲ್ಲಿ ಮುದ್ದೆಗೆ ಬೇಳೆ ಸಾರು ಹಾಕಿಕೊಂಡು ಉಣ್ಣುವವರಿಗೆ ಈ ವಿಷಯ ದೂರದ್ದೇನಲ್ಲ. ಬಡವರ ಊಟದಲ್ಲಿ ಬೇಳೆಕಾಳು ಪ್ರೋಟೀನಿನ ಒಂದು ಮುಖ್ಯ ಮೂಲ. 1936ರಲ್ಲಿ ಎಂಎಸ್ಸಿ ಆಯಿತು. ರಾಮನ್ ಮನಸ್ಸು ಬದಲಾಯಿತು, ಸಂಸ್ಥೆಗೆ ಬೇರೆ ಹೆಣ್ಣುಮಕ್ಕಳೂ ಬಂದರು. ಮುಂದೆ ಅಣ್ಣಾ ಮಣಿ ರಾಮನ್ ಅವರ ಲ್ಯಾಬ್‌ನಲ್ಲೇ ವಜ್ರಗಳ ಮೇಲೆ ಸಂಶೋಧನೆ ಮಾಡಿದರು.

ಕಮಲಾ ಕೇಂಬ್ರಿಡ್ಜ್‌ಗೆ ಹೋಗಿ, ಆಲೂಗಡ್ಡೆಯಿಂದ ಶುರುಮಾಡಿ, ಗಿಡಗಳ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ತೋರಿಸಿದರು. ಜೀವಕೋಶಕ್ಕೆ ಶಕ್ತಿ ಸಿಗುವ ಕೆಲಸದಲ್ಲಿ ಅದು ಬೇಕೇಬೇಕು. 1939ರಲ್ಲಿ ಪಿಎಚ್‌ಡಿ ಬಂತು. ಫಾರ್ವರ್ಡ್ ತಪ್ಪುವುದು ಇಲ್ಲಿ: ಜಾನಕಿ ಅಮ್ಮಾಳ್ ಅಮೆರಿಕದ ಮಿಷಿಗನ್‌ನಲ್ಲಿ 1931ರಲ್ಲೇ ಡಿಎಸ್ಸಿ ಪಡೆದಿದ್ದರು.

ಊರಿಗೆ ಮರಳಿದ ಮೇಲೆ ಕಮಲಾ ನೀರಾ ಮೇಲೂ ಸಂಶೋಧನೆ ಮಾಡಿದರು, ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. (ನೀರಾ ಹುಳಿಯದ ರಸ, ಹುಳಿತರೆ ಹೆಂಡ. ಎರಡೂ ಒಂದೇ ಎಂಬ ಫಾರ್ವರ್ಡ್ ಬಂದರೆ ನಂಬಬೇಡಿ.) 1998ರಲ್ಲಿ ತೀರಿಕೊಂಡರು. ರಾಮನ್ ದೊಡ್ಡ ವಿಜ್ಞಾನಿ ಎಂದು ಮುಪ್ಪಿನಲ್ಲೂ ಒಪ್ಪುತ್ತಿದ್ದರು, ಆದರೆ ಆ ಷರತ್ತುಗಳನ್ನು ಅವಮಾನ ಎಂದೇ ಹೇಳಿದರು.