ನೀಲಿಯ ಬೆನ್ನು ಹತ್ತಿದ ಬೇಯರ್

ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬ್ ನೆನಪಿದೆಯಾ? ಬ್ಯುರೆಟ್‌ನಿಂದ ಹನಿ ಹನಿಯಾಗಿ ಆಸಿಡ್ ಬಿಡುತ್ತಾ, ಫ್ಲಾಸ್ಕ್‌ನಲ್ಲಿದ್ದ ಗುಲಾಬಿ ಬಣ್ಣ ಮಾಯವಾಗುವುದನ್ನೇ ಉಸಿರು ಬಿಗಿಹಿಡಿದು ಕಾಯುತ್ತಿದ್ದೆವು. ಒಂದು ಹನಿ ಜಾಸ್ತಿ ಬಿತ್ತೋ, ರೀಡಿಂಗ್ ಹೋಯ್ತು, ಮತ್ತೆ ಮೊದಲಿಂದ ಶುರು! ಆ ಗುಲಾಬಿ ಬಣ್ಣ ಕೊಡುವ ಫಿನಾಲ್ಫ್ತಲೀನ್ ಅನ್ನು 1871ರಲ್ಲಿ ಮೊದಲು ತಯಾರಿಸಿದವರು ಅಡಾಲ್ಫ್ ಫಾನ್ ಬೇಯರ್. ಮಾತ್ರೆ ಮಾಡುವ ಬೇಯರ್ ಕಂಪನಿಗೂ ಇವರಿಗೂ ಸಂಬಂಧವಿಲ್ಲ. ಅದು ಬೇರೆ ಬೇಯರ್. ಈ ಬಾರಿ ನಮ್ಮ ವಿಜ್ಞಾನಿ ಪರಿಚಯದಲ್ಲಿ ಇವರ ಕಥೆ ಹೇಳುತ್ತೇವೆ.

ಬೇಯರ್ ಹುಟ್ಟಿದ್ದು 1835ರ ಅಕ್ಟೋಬರ್ 31ರಂದು, ಬರ್ಲಿನ್‌ನಲ್ಲಿ. ತಂದೆ ಪ್ರಷ್ಯದ ಸೇನಾಧಿಕಾರಿ, ಭೂಮಿಯ ಅಳತೆಯಲ್ಲಿ ದೊಡ್ಡ ಹೆಸರು ಮಾಡಿದವರು. ಮಗನಿಗೆ ಮಾತ್ರ ಬಣ್ಣಗಳ ಹುಚ್ಚು. 13ನೇ ಹುಟ್ಟುಹಬ್ಬಕ್ಕೆ ಎರಡು ಥಾಲರ್ ನಾಣ್ಯ ಕೊಟ್ಟು ಕೊಂಡದ್ದು ಏನನ್ನು ಗೊತ್ತಾ? ಒಂದು ಗಟ್ಟಿ ನೀಲಿ! ಗಿಡದಿಂದ ತೆಗೆದ ಇಂಡಿಗೊ. ಆಗ ಯುರೋಪಿಗೆ ನೀಲಿ ಹೋಗುತ್ತಿದ್ದುದು ಹೆಚ್ಚಾಗಿ ನಮ್ಮ ದೇಶದಿಂದಲೇ. ಆ ನೀಲಿಯ ಒಳಗೆ ಏನಿದೆ ಎಂಬ ಪ್ರಶ್ನೆ ಅವರನ್ನು ಮುಂದೆ ಹಲವು ದಶಕ ಬಿಡಲಿಲ್ಲ.

ಮೊದಲು ಗಣಿತ ಮತ್ತು ಭೌತಶಾಸ್ತ್ರ ಓದಿದರು, ಒಂದಿಷ್ಟು ದಿನ ಸೈನ್ಯದಲ್ಲೂ ಇದ್ದರು. ಆಮೇಲೆ ಹೈಡೆಲ್‌ಬರ್ಗ್‌ಗೆ ಹೋಗಿ ಬುನ್ಸೆನ್ ಬಳಿ ಸೇರಿದರು. ಹೌದು, ನಮ್ಮ ಲ್ಯಾಬಿನ ಬರ್ನರ್‌ಗೆ ಹೆಸರು ಕೊಟ್ಟ ಅದೇ ಬುನ್ಸೆನ್. ಅಲ್ಲಿಂದ ಬೆಂಜೀನ್ ಉಂಗುರದ ಖ್ಯಾತಿಯ ಕೆಕುಲೆ ಅವರ ಶಿಷ್ಯರಾದರು. 1860ರಲ್ಲಿ ಬರ್ಲಿನ್‌ನ ಒಂದು ತಾಂತ್ರಿಕ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಸಂಬಳ ಅಷ್ಟಕ್ಕಷ್ಟೇ, ಆದರೆ ಲ್ಯಾಬ್ ದೊಡ್ಡದಿತ್ತು. ಅವರಿಗೆ ಬೇಕಾಗಿದ್ದೂ ಅದೇ.

ಅಲ್ಲಿ ನೀಲಿಯ ಅಣುವನ್ನು ಒಂದೊಂದೇ ತುಂಡಾಗಿ ಬಿಚ್ಚತೊಡಗಿದರು. ಸತುವಿನ ಪುಡಿಯ ಜೊತೆ ಕಾಯಿಸಿ ಅದರ ತಿರುಳಾದ ಇಂಡೋಲ್‌ವರೆಗೂ ತಲುಪಿದರು. ಅಷ್ಟರಲ್ಲಿ ಗುರು ಕೆಕುಲೆ ತಾವೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತಿರುವುದಾಗಿ ತಿಳಿಸಿದರು. ಬೇಯರ್ ಏನು ಮಾಡಿದರು? ಗುರುವಿಗೆ ಅಡ್ಡ ಬರಬಾರದೆಂದು ತಮ್ಮ ಪ್ರೀತಿಯ ನೀಲಿಯನ್ನು ಕೆಲವು ವರ್ಷ ಪಕ್ಕಕ್ಕಿಟ್ಟುಬಿಟ್ಟರು.

ಆ ಬಿಡುವಿನಲ್ಲೇ ನಮ್ಮ ಫಿನಾಲ್ಫ್ತಲೀನ್ ಹುಟ್ಟಿದ್ದು. ಥ್ಯಾಲಿಕ್ ಅನ್‌ಹೈಡ್ರೈಡನ್ನು ಫಿನಾಲ್ ಜೊತೆ ಕಾಯಿಸಿದರೆ ಫಿನಾಲ್ಫ್ತಲೀನ್ ಬಂತು. ಫಿನಾಲ್ ಬದಲು ರಿಸಾರ್ಸಿನಾಲ್ ಹಾಕಿದರೆ ಬಂದದ್ದು ಇನ್ನೊಂದು ಬಣ್ಣ. ಅದನ್ನು ಕ್ಷಾರದ ನೀರಿಗೆ ಚಿಟಿಕೆ ಹಾಕಿದರೂ ಸಾಕು, ಇಡೀ ನೀರು ಹಸಿರಾಗಿ ಹೊಳೆಯುತ್ತದೆ! ಅದೇ ಫ್ಲೋರೆಸೀನ್.

ಎರಡೂ ಅಕ್ಕ-ತಂಗಿಯರಂಥ ಅಣುಗಳು. ಹಾಗಾದ್ರೆ ಒಂದು ಹೊಳೆಯುತ್ತೆ, ಇನ್ನೊಂದು ಹೊಳೆಯಲ್ಲ, ಯಾಕೆ? ಫ್ಲೋರೆಸೀನ್ ಸುಮಾರು 490 ನ್ಯಾನೋಮೀಟರಿನ ನೀಲಿ ಬೆಳಕನ್ನು ಹೀರಿ, ಸುಮಾರು 515 ನ್ಯಾನೋಮೀಟರಿನ ಹಸಿರು ಬೆಳಕನ್ನು ಹೊರಗೆ ಬಿಡುತ್ತದೆ. ನಡುವಿನ ವ್ಯತ್ಯಾಸದ ಶಕ್ತಿ ಶಾಖವಾಗಿ ಹೋಗುತ್ತದೆ. ಫಿನಾಲ್ಫ್ತಲೀನ್‌ನಲ್ಲಿ ಉಂಗುರಗಳು ಫ್ಯಾನಿನ ರೆಕ್ಕೆಯ ಹಾಗೆ ತಿರುಗಾಡಬಲ್ಲವು. ಹೀರಿದ ಶಕ್ತಿಯೆಲ್ಲ ಆ ತಿರುಗಾಟದಲ್ಲೇ ಖರ್ಚಾಗಿಬಿಡುತ್ತದೆ. ಫ್ಲೋರೆಸೀನ್‌ನಲ್ಲಿ ಒಂದೇ ಒಂದು ಆಮ್ಲಜನಕದ ಪರಮಾಣು ಎರಡು ಉಂಗುರಗಳನ್ನು ಸೇತುವೆಯಂತೆ ಬಿಗಿದು ಹಿಡಿದಿದೆ. ಅಲುಗಾಡಲು ಜಾಗವಿಲ್ಲದ ಅಣು ಬೆಳಕನ್ನೇ ವಾಪಸ್ ಕೊಡುತ್ತದೆ. ಈ ವಿವರಣೆ ಸಿಕ್ಕಿದ್ದು 20ನೇ ಶತಮಾನದಲ್ಲಿ. ಬೇಯರ್ ಬಳಿ ಇದ್ದದ್ದು ಟೆಸ್ಟ್ ಟ್ಯೂಬು, ಗಾಜಿನ ಕಡ್ಡಿ ಮತ್ತು ಚುರುಕು ಕಣ್ಣು, ಅಷ್ಟೇ.

ಈ ಬಣ್ಣ ಬೇಗನೆ ಕೆಲಸಕ್ಕೂ ಬಂತು. ದಕ್ಷಿಣ ಜರ್ಮನಿಯಲ್ಲಿ ಡ್ಯಾನ್ಯೂಬ್ ನದಿ ಒಂದು ಕಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಂಗಿಹೋಗುತ್ತದೆ. ಆ ನೀರು ಹೋಗುವುದೆಲ್ಲಿಗೆ? 1877ರಲ್ಲಿ ಅಲ್ಲಿಗೆ ಸುಮಾರು 10 ಕಿಲೋ ಫ್ಲೋರೆಸೀನ್ ಸುರಿದರು. ಸುಮಾರು 60 ಗಂಟೆ ಕಳೆದ ಮೇಲೆ, 12 ಕಿಲೋಮೀಟರ್ ದೂರದ ಆಹ್ ಎಂಬ ಊರಿನ ಬುಗ್ಗೆಯ ನೀರು ಹಸಿರಾಗಿ ಹೊಳೆಯಿತು! ಇಂದು ಕಣ್ಣಿನ ಡಾಕ್ಟರು ಕಣ್ಣಿಗೆ ಇದನ್ನೇ ಹಚ್ಚಿ ನೀಲಿ ಬೆಳಕು ಬಿಟ್ಟರೆ, ಕಣ್ಣುಗುಡ್ಡೆಯ ಮೇಲಿನ ಸಣ್ಣ ಗೀರೂ ಹಸಿರಾಗಿ ಕಾಣುತ್ತದೆ.

1875ರಲ್ಲಿ ಬೇಯರ್ ಮ್ಯೂನಿಕ್‌ಗೆ ಹೋದರು. ಮತ್ತೆ ನೀಲಿಯನ್ನು ಕೈಗೆತ್ತಿಕೊಂಡು 1880ರಲ್ಲಿ ಅದನ್ನು ಲ್ಯಾಬಿನಲ್ಲೇ ತಯಾರಿಸಿದರು. 1883ರಲ್ಲಿ ಅದರ ರಚನೆಯನ್ನು ತಿಳಿಸಿದರು. ಆದರೆ ಅವರ ವಿಧಾನ ಕಾರ್ಖಾನೆಗೆ ತುಂಬಾ ದುಬಾರಿಯಾಯಿತು. ಬೇರೆಯವರ ಅಗ್ಗದ ದಾರಿ ಹಿಡಿದು ಬಿಎಎಸ್‌ಎಫ್ ಕಂಪನಿ 1897ರಲ್ಲಿ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಆ ದಾರಿಯಲ್ಲಿ ಮುಖ್ಯವಾದ ವಸ್ತು ಯಾವುದು ಗೊತ್ತಾ? ಅದೇ ಥ್ಯಾಲಿಕ್ ಅನ್‌ಹೈಡ್ರೈಡ್!

1905ರಲ್ಲಿ ಬೇಯರ್ ಅವರಿಗೆ ನೊಬೆಲ್ ಬಂತು. ಅವರ ಶಿಷ್ಯ ಎಮಿಲ್ ಫಿಶರ್‌ಗೆ 1902ರಲ್ಲೇ ಬಂದಾಗಿತ್ತು. ಗುರುವಿಗಿಂತ ಶಿಷ್ಯನೇ ಮುಂದೆ!

ಕಥೆಯನ್ನು ಇಲ್ಲಿಗೇ ಮುಗಿಸಲು ನಮಗೆ ಮನಸ್ಸು ಬರಲಿಲ್ಲ. ಕಾರ್ಖಾನೆಯ ನೀಲಿ ಬಂದ ಮೇಲೆ ಗಿಡದ ನೀಲಿಗೆ ಬೆಲೆ ಕುಸಿಯಿತು. ಬಿಹಾರದ ಚಂಪಾರಣ್‌ನಲ್ಲಿ ರೈತರು 20 ಕಠ್ಠಾ ಜಮೀನಿನಲ್ಲಿ 3 ಕಠ್ಠಾ ನೀಲಿ ಬೆಳೆಯಲೇಬೇಕೆಂಬ ಕಟ್ಟುಪಾಡಿತ್ತು. ಲಾಭ ಇಳಿದಾಗ ತೋಟದ ದೊರೆಗಳು ನಷ್ಟವನ್ನು ರೈತರ ಮೇಲೆಯೇ ಹೇರಿದರು. ಕಟ್ಟುಪಾಡಿನಿಂದ ಬಿಡಿಸಿಕೊಳ್ಳಬೇಕಾದರೆ ಹೆಚ್ಚು ಗೇಣಿ ಕೊಡು, ಇಲ್ಲವೇ ದಂಡದ ಹಣ ಕಟ್ಟು ಎಂದರು. ಆ ರೈತರ ಕರೆಗೆ ಗಾಂಧೀಜಿ 1917ರ ಏಪ್ರಿಲ್‌ನಲ್ಲಿ ಅಲ್ಲಿಗೆ ಹೋದರು. ಅದೇ ವರ್ಷ ಆಗಸ್ಟ್ 20ರಂದು ಬೇಯರ್ ತೀರಿಕೊಂಡರು. ಮರುವರ್ಷ ಬಂದ ಕಾನೂನು ಆ ಕಟ್ಟುಪಾಡನ್ನು ತೆಗೆದುಹಾಕಿತು.

ಬೇಯರ್ ಯಾರ ಹೊಟ್ಟೆಯ ಮೇಲೂ ಹೊಡೆಯಲು ಹೊರಟವರಲ್ಲ. ಚಂಪಾರಣ್‌ನ ಅನ್ಯಾಯ ಅವರ ಟೆಸ್ಟ್ ಟ್ಯೂಬಿಗಿಂತ ಹಳೆಯದು. ಆದರೂ ಲ್ಯಾಬಿನಲ್ಲಿ ಹುಟ್ಟಿದ್ದು ಲ್ಯಾಬಿನಲ್ಲೇ ಉಳಿಯುವುದಿಲ್ಲ. ಅದು ಒಬ್ಬರ ಕಣ್ಣಿನ ಗೀರನ್ನೂ ತೋರಿಸುತ್ತದೆ, ಇನ್ನೊಬ್ಬರ ಹೊಲದ ಬೆಳೆಯನ್ನೂ ಮುಳುಗಿಸುತ್ತದೆ. ನಾಳೆ ಏನೇನೋ ತಯಾರಿಸಲು ಹೊರಟಿರುವ ನಾವು ಈ ಎರಡನ್ನೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು ಅನ್ಸುತ್ತೆ. ನಿಮಗೇನನ್ಸುತ್ತೆ?